ಹೆಸರು ಕೂಗುವವರ ಹೆಸರು

ನಿರೂಪಕಿ ಅಪರ್ಣಾ 2024ರ ಜುಲೈ 11ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಶ್ವಾಸಕೋಶದ ಕ್ಯಾನ್ಸರ್‌ನಿಂದ ಬಳಲುತ್ತಿದ್ದ ಅವರಿಗೆ ಆಗ 57 ವರ್ಷ. ಮರುದಿನ ಬೆಳಿಗ್ಗೆ ನಗರದ ಮೆಟ್ರೊ ರೈಲುಗಳಲ್ಲಿ ಅವರದೇ ದನಿ ಎಂದಿನಂತೆ ಮುಂದಿನ ನಿಲ್ದಾಣದ ಹೆಸರು ಹೇಳಿತು. ನಾಗಮಂಗಲ, ಆದಿಚುಂಚನಗಿರಿ ಕಡೆಯಿಂದ ಬಸ್ಸಿನಲ್ಲಿ ಹೋಗಿ ನಾಗಸಂದ್ರದಲ್ಲಿ ಇಳಿಯುವವರು, ಶ್ರೀರಂಗಪಟ್ಟಣ, ಪಾಂಡವಪುರದಿಂದ ಹೋಗಿ ಕೆಂಗೇರಿಯಲ್ಲಿ ಇಳಿಯುವವರು ರಾಜಧಾನಿಯೊಳಗೆ ಮೊದಲು ಕೇಳುತ್ತಿದ್ದುದು ಆ ದನಿಯನ್ನೇ. ಅದು ಯಾರದೆಂದು ಹಲವರಿಗೆ ತಿಳಿದದ್ದು ಅವರು ಇಲ್ಲವಾದ ಮೇಲೆ.

ಊರಿನ ಹೆಸರು, ಗೆದ್ದವರ ಹೆಸರು, ಬರಲಿರುವ ಅತಿಥಿಯ ಹೆಸರು, ಹೀಗೆ ಸದಾ ಬೇರೆಯವರ ಹೆಸರು ಹೇಳುವುದೇ ಉದ್ಘೋಷಕರ ಕೆಲಸ. ತಮ್ಮ ಹೆಸರು ಹೇಳಿಕೊಳ್ಳುವ ಸಂದರ್ಭ ಅವರಿಗೆ ಕಡಿಮೆ. ಅಂಥವರು ಸತ್ತಾಗ ಜನ ಮನೆಯವರೊಬ್ಬರನ್ನು ಕಳೆದುಕೊಂಡಂತೆ ಮರುಗುವುದೇಕೆ? ಈ ಪ್ರಶ್ನೆಗೆ ಒಳ್ಳೆಯ ಉತ್ತರ ಸಿಗುವ ಜಾಗ ಕುಸ್ತಿಯ ಅಖಾಡ.

ಅಖಾಡದ ಮೈಕ್

ಹಳೆಯ ಮೈಸೂರು ಸೀಮೆಗೆ ಕುಸ್ತಿ ಹೊಸದಲ್ಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಆಚರಣೆ ಆರಂಭಿಸಿದರು. ಆ ಪರಂಪರೆಯ ಜತೆಗೆ ಮಲ್ಲರ ಕಾಳಗವೂ ಬೆಳೆದುಬಂತು. ವಿಜಯದಶಮಿಯಂದು ಮೈಸೂರು ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ದೊಡ್ಡಕೆರೆ ಮೈದಾನದಲ್ಲಿ ಪೈಲ್ವಾನ್ ಸಾಹುಕಾರ್ ಚನ್ನಯ್ಯನವರ ಹೆಸರಿನ ಅಖಾಡವೇ ಇದೆ. ನಂಜನಗೂಡು ತಾಲ್ಲೂಕಿನ ಸುತ್ತೂರು ಜಾತ್ರೆಯಲ್ಲೂ ನಾಡಕುಸ್ತಿ ಉಂಟು. ಮಂಡ್ಯ, ಮೈಸೂರು ಜಿಲ್ಲೆಗಳ ಎಷ್ಟೋ ಊರುಗಳಲ್ಲಿ ಗರಡಿ ಮನೆಗಳು ಈಗಲೂ ಉಳಿದಿವೆ.

ನಾಡಕುಸ್ತಿಯ ನಿಯಮ ಸರಳ. ಎದುರಾಳಿಯ ಬೆನ್ನನ್ನು ಮಣ್ಣಿಗೆ ತಾಗಿಸಿದವನು ಗೆದ್ದ. ಅಂಕಗಳ ಲೆಕ್ಕವಿಲ್ಲ, ವಿದ್ಯುತ್ ಫಲಕವಿಲ್ಲ. ಹಿಂದಿನ ಸಾಲಿನವರಿಗೆ ಕಾಣುವುದು ಮುಂದಿದ್ದವರ ತಲೆಗಳಷ್ಟೇ. ಆದ್ದರಿಂದ ಅಖಾಡದಲ್ಲಿ ಏನು ನಡೆಯಿತೆಂದು ತಿಳಿಯುವುದಕ್ಕೆ ಮೈಕ್ ಹಿಡಿದವರೇ ಗತಿ. ಯಾವ ಜೋಡಿ ಮುಂದೆ ಬರಬೇಕು, ಎಷ್ಟು ನಿಮಿಷ ಉಳಿದಿದೆ, ಯಾರು ಚಿತ್ ಆದರು, ಯಾವ ಜೋಡಿ ಸಮಬಲ, ಬಹುಮಾನಕ್ಕೆ ಯಾರು ಎಷ್ಟು ಕೊಟ್ಟರು ಎಂಬುದೆಲ್ಲ ಅವರ ಬಾಯಿಂದಲೇ ಬರಬೇಕು. ಒಳಗೆ ನುಗ್ಗುವ ಜನರನ್ನು ಹಿಂದೆ ಕೂರಿಸುವುದೂ, ತೀರ್ಪು ಒಪ್ಪದ ಕಡೆಯವರನ್ನು ಸಮಾಧಾನಪಡಿಸುವುದೂ ಅವರ ಪಾಲಿಗೇ ಬರುತ್ತದೆ.

ಪೈಲ್ವಾನನನ್ನು ಪರಿಚಯಿಸುವ ಕ್ರಮವೊಂದನ್ನು ಗಮನಿಸಬೇಕು. ಮೊದಲು ಊರು, ಆಮೇಲೆ ಗರಡಿ, ಅನಂತರ ಉಸ್ತಾದರ ಹೆಸರು, ಕೊನೆಗೆ ಪೈಲ್ವಾನನ ಹೆಸರು. ಇದರ ಹಿಂದೆ ಒಂದು ಲೆಕ್ಕಾಚಾರ ಇದೆ. ಅಚ್ಚುಮೆಚ್ಚಿನ ಹೆಸರು ಕಿವಿಗೆ ಬಿದ್ದ ಕೂಡಲೇ ಜನ ಶಿಳ್ಳೆ ಹೊಡೆಯುತ್ತಾರೆ, ತಮಟೆ ಶುರುವಾಗುತ್ತದೆ. ಆಮೇಲೆ ಹೇಳಿದ್ದು ಯಾರಿಗೂ ಕೇಳಿಸದು. ಹಾಗಾಗಿ ಹೇಳಬೇಕಾದ್ದನ್ನೆಲ್ಲ ಮೊದಲೇ ಹೇಳಿ ಮುಗಿಸಿ, ಹೆಸರನ್ನು ಕೊನೆಗೆ ಉಳಿಸಿಕೊಳ್ಳುವುದು ಜಾಣತನ. ಗರಡಿಗೂ ಗುರುವಿಗೂ ಸಲ್ಲಬೇಕಾದ ಮರ್ಯಾದೆಯೂ ಹೀಗೆ ಶಿಷ್ಯನಿಗಿಂತ ಮೊದಲು ಸಲ್ಲುತ್ತದೆ.

ಫಿಂಕೆಲ್ ಎಂಬ ದನಿ

ಇದೇ ಜಾಣತನವನ್ನು ಸಾಗರದಾಚೆ ಒಂದು ಕಲೆಯನ್ನಾಗಿ ಬೆಳೆಸಿದವರು ಅಮೆರಿಕದ ಹೊವಾರ್ಡ್ ಫಿಂಕೆಲ್. 1990ರ ದಶಕದಲ್ಲಿ ಕೇಬಲ್ ಟಿವಿ ಬಂದಾಗ ನಮ್ಮ ಊರುಗಳ ಹುಡುಗರೂ ಡಬ್ಲ್ಯುಡಬ್ಲ್ಯುಎಫ್ ಕುಸ್ತಿ ನೋಡಿದರು, ಮಲ್ಲರ ಚಿತ್ರವಿದ್ದ ಟ್ರಂಪ್ ಕಾರ್ಡ್‌ಗಳನ್ನು ಕೂಡಿಟ್ಟರು. ರಿಂಗಿನೊಳಗೆ ಕೋಟು ತೊಟ್ಟು ನಿಂತು ಆ ಮಲ್ಲರ ಹೆಸರು ಕೂಗುತ್ತಿದ್ದವರು ಫಿಂಕೆಲ್. 1950ರಲ್ಲಿ ನ್ಯೂಜೆರ್ಸಿಯ ನ್ಯೂಆರ್ಕ್‌ನಲ್ಲಿ ಹುಟ್ಟಿದ ಅವರು 1970ರ ದಶಕದಲ್ಲೇ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಉದ್ಘೋಷಕರಾದರು. 1985ರ ಮೊದಲ ರೆಸಲ್‌ಮೇನಿಯಾದಲ್ಲೂ ಮೈಕ್ ಅವರ ಕೈಯಲ್ಲಿತ್ತು. ಆ ಹೆಸರನ್ನು ಸೂಚಿಸಿದ ಹೆಗ್ಗಳಿಕೆಯೂ ಅವರಿಗೇ ಸಲ್ಲುತ್ತದೆ.

ಆ ಕುಸ್ತಿಯಲ್ಲಿ ಯಾರು ಗೆಲ್ಲಬೇಕೆಂಬುದು ಮೊದಲೇ ನಿಗದಿಯಾಗಿರುತ್ತದೆ. ಇದು ನೋಡುವವರಿಗೂ ಗೊತ್ತಿರುವ ಸಂಗತಿ. ಹೀಗಿದ್ದೂ ಜನ ನಂಬಿ ಕೂಗಾಡಬೇಕಾದರೆ ಯಾರಾದರೊಬ್ಬರು ಗಂಭೀರವಾಗಿ ಮಾತಾಡಬೇಕು. ಊರು, ತೂಕ, ಹೆಸರು ಇವುಗಳನ್ನು ನ್ಯಾಯಾಲಯದ ಕರೆಯಂತೆ ಒಂದು ಅಕ್ಷರವೂ ತಪ್ಪದೆ ಹೇಳುತ್ತಿದ್ದ ಫಿಂಕೆಲ್ ಆ ಕೆಲಸ ಮಾಡಿದರು. ಪಟ್ಟ ಕೈ ಬದಲಾದಾಗ ಅವರು ವಿಜೇತನ ಹೆಸರಿಗೆ ಮೊದಲು ‘ನ್ಯೂ’ ಎಂಬ ಪದವನ್ನು ಉಸಿರಿರುವಷ್ಟು ಹೊತ್ತು ಎಳೆಯುತ್ತಿದ್ದರು. ಹೊಸ ಚಾಂಪಿಯನ್ ಬಂದನೆಂಬುದು ಆ ಒಂದು ಪದದಲ್ಲೇ ಜನರಿಗೆ ತಿಳಿದುಬಿಡುತ್ತಿತ್ತು. ಅವರ ನಂತರ ಬಂದವರೂ ಆ ಪದವನ್ನು ಎಳೆದೇ ಹೇಳುತ್ತಾರೆ.

ಫಿಂಕೆಲ್ 2020ರ ಏಪ್ರಿಲ್ 16ರಂದು, ತಮ್ಮ 69ನೇ ವಯಸ್ಸಿನಲ್ಲಿ ತೀರಿಕೊಂಡರು. ಕೊರೊನಾ ಕಾಲವಾದ್ದರಿಂದ ಜನ ಒಂದೆಡೆ ಸೇರುವಂತಿರಲಿಲ್ಲ. ಅಭಿಮಾನಿಗಳು ಹಳೆಯ ಪಂದ್ಯಗಳನ್ನು ಮತ್ತೆ ಹಾಕಿಕೊಂಡು ಕೇಳಿದರು. ತಮ್ಮ ಬಾಲ್ಯದ ಯಾವ ಮಲ್ಲನನ್ನು ನೆನೆದರೂ ಅವನ ಹೆಸರು ಫಿಂಕೆಲ್ ದನಿಯಲ್ಲೇ ಕೇಳಿಸುತ್ತದೆ ಎಂಬುದು ಅವರ ಅನುಭವವಾಗಿತ್ತು. ನೆನಪು ಅಂಟಿಕೊಂಡಿದ್ದು ಮಲ್ಲನಿಗೆ ಹೇಗೋ ಹಾಗೆಯೇ ಆ ದನಿಗೂ.

ಹಕಾರದ ಬೆಲೆ

ಅಪರ್ಣಾ ಅವರ ವಿಷಯದಲ್ಲಿ ಆದದ್ದೂ ಇದೇ. ಚಿಕ್ಕಮಗಳೂರು ಜಿಲ್ಲೆಯ ಪಂಚನಹಳ್ಳಿಯಲ್ಲಿ ಹುಟ್ಟಿದ ಅವರು ಪುಟ್ಟಣ್ಣ ಕಣಗಾಲರ ಕೊನೆಯ ಚಿತ್ರ ‘ಮಸಣದ ಹೂವು’ ಮೂಲಕ ಪರದೆಗೆ ಬಂದರು. ಆದರೆ ನಾಡಿಗೆ ಪರಿಚಿತರಾದದ್ದು ಆಕಾಶವಾಣಿ, ದೂರದರ್ಶನದ ನಿರೂಪಕಿಯಾಗಿ. 1998ರ ದೀಪಾವಳಿ ಕಾರ್ಯಕ್ರಮವೊಂದನ್ನು ಸತತ ಎಂಟು ಗಂಟೆ ನಿರೂಪಿಸಿದ್ದು ಅವರ ಹೆಸರಿನಲ್ಲಿರುವ ದಾಖಲೆ. ‘ಮಜಾ ಟಾಕೀಸ್‌’ನ ವರಲಕ್ಷ್ಮಿಯಾಗಿ ನಗಿಸಿದರು. 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ ಮತ್ತು ಎಂ.ಜಿ. ರಸ್ತೆ ನಡುವೆ ಆರಂಭವಾದ ‘ನಮ್ಮ ಮೆಟ್ರೊ’ಗೆ ಕನ್ನಡದ ದನಿಯಾದರು.

ಅವರ ಕನ್ನಡದ ಗುಣ ಮಂಡ್ಯದವರಿಗೆ ಬೇಗ ಅರ್ಥವಾಗುತ್ತದೆ. ನಮ್ಮ ಹಳ್ಳಿಗಳ ಆಡುಮಾತಿನಲ್ಲಿ ಹಾಲು ‘ಆಲು’ ಆಗುತ್ತದೆ, ಹಸು ‘ಅಸ’ ಆಗುತ್ತದೆ. ಅಪರ್ಣಾ ಬಾಯಲ್ಲಿ ಹಕಾರವೂ ಮಹಾಪ್ರಾಣವೂ ತಮ್ಮ ತಮ್ಮ ಜಾಗದಲ್ಲಿ ಇರುತ್ತಿದ್ದವು, ಹಾಗಿದ್ದೂ ಮಾತು ಪುಸ್ತಕ ಓದಿದಂತೆ ಆಗುತ್ತಿರಲಿಲ್ಲ. ಬೇರೆ ಬೇರೆ ಭಾಷೆಗಳು ಬೆರೆತ ನಗರದಲ್ಲಿ ದಿನಕ್ಕೆ ಲಕ್ಷಾಂತರ ಜನರ ಕಿವಿಗೆ ಅಂಥ ಕನ್ನಡ ಬೀಳುತ್ತಿತ್ತು. ಕನ್ನಡ ಬಾರದವರೂ ‘ಮುಂದಿನ ನಿಲ್ದಾಣ’ ಎಂಬ ಎರಡು ಪದಗಳನ್ನು ಕಲಿತದ್ದು ಆ ದನಿಯಿಂದ.

ಅಖಾಡದ ಮೈಕಿನಲ್ಲಿ ಕೇಳುವ ಕನ್ನಡ ಬೇರೆ. ಅಲ್ಲಿ ‘ಆಲು’ ಆಲಾಗಿಯೇ ಇರುತ್ತದೆ. ಬಯ್ಗುಳದ ಅಂಚಿಗೆ ಹೋಗಿ ಹಿಂದಿರುಗುವ ತಮಾಷೆ, ಗಾದೆ, ಅಣಕ ಎಲ್ಲ ಇರುತ್ತದೆ. ಜನ ಆ ದನಿಯನ್ನು ಮೆಚ್ಚುವುದು ಅದು ತಮ್ಮ ಹಾಗೆಯೇ ಮಾತಾಡುತ್ತದೆ ಎಂಬ ಕಾರಣಕ್ಕೆ. ಅಪರ್ಣಾ ಅವರನ್ನು ಮೆಚ್ಚಿದ್ದು ತಮ್ಮ ಭಾಷೆ ಇಷ್ಟು ಚೆನ್ನಾಗಿ ಕೇಳಿಸಬಲ್ಲದು ಎಂಬ ಕಾರಣಕ್ಕೆ. ಎರಡೂ ಅಭಿಮಾನವೇ.

ಉಳಿಯುವ ದನಿ, ಉಳಿಯದ ದನಿ

ಆದರೆ ಒಂದು ವ್ಯತ್ಯಾಸವಿದೆ. ಫಿಂಕೆಲ್ ದನಿ ಸಾವಿರಾರು ಗಂಟೆಗಳ ದೃಶ್ಯಗಳಲ್ಲಿ ಭದ್ರವಾಗಿದೆ. ಅಪರ್ಣಾ ದನಿ ಮೊದಲೇ ಮುದ್ರಿತವಾದದ್ದು, ಅವರು ಹೋದ ಮೇಲೂ ರೈಲಿನಲ್ಲಿ ಕೇಳಿಸಿತು. ಪಾಂಡವಪುರದ ಕಡೆಯೋ ಕೆ.ಆರ್. ಪೇಟೆಯ ಕಡೆಯೋ ನಲವತ್ತು ವರ್ಷ ಜಾತ್ರೆಯ ಕುಸ್ತಿಗೆ ಮೈಕ್ ಹಿಡಿದವರೊಬ್ಬರು ಇಲ್ಲವಾದರೆ ಅವರ ಮಾತು ಕೇಳಿದವರ ನೆನಪಿನಲ್ಲಿ ಮಾತ್ರ ಉಳಿಯುತ್ತದೆ. ಕೇಳಿದವರೂ ಹೋದ ಮೇಲೆ ಅದೂ ಇಲ್ಲ.

ಅವರ ಜತೆಗೆ ಹೋಗುವುದು ದನಿಯೊಂದೇ ಅಲ್ಲ. ಯಾವ ಗರಡಿಯ ಯಾವ ಉಸ್ತಾದರ ಕೈಯಲ್ಲಿ ಯಾರು ಪಳಗಿದರು, ಯಾವ ಊರಿನ ಜೋಡಿ ಎಷ್ಟು ಸಲ ಸಮಬಲವಾಯಿತು ಎಂಬ ಲೆಕ್ಕ ಹಲವು ಕಡೆ ಬರವಣಿಗೆಯಲ್ಲಿಲ್ಲ. ಪ್ರತಿ ವರ್ಷ ಅಖಾಡದಲ್ಲಿ ಅದನ್ನು ಮತ್ತೆ ಹೇಳುವವರ ತಲೆಯಲ್ಲಿದೆ. ನಮ್ಮ ನಾಡಕುಸ್ತಿಯ ಚರಿತ್ರೆ ಬರೆಯಲು ಹೊರಡುವವರು ಪೈಲ್ವಾನರನ್ನು, ಉಸ್ತಾದರನ್ನು ಕಾಣುತ್ತಾರೆ. ಮೈಕ್ ಹಿಡಿದವರ ಮನೆಗೂ ಹೋಗುವುದು ಒಳ್ಳೆಯದು.

ಇಂದು ಜೇಬಿನಲ್ಲಿ ಮೊಬೈಲ್ ಇಲ್ಲದವರು ಅಪರೂಪ. ಕುಸ್ತಿಯಂದು ನೂರಾರು ಮೊಬೈಲುಗಳು ಮೇಲೇಳುತ್ತವೆ, ಎಲ್ಲವೂ ಪೈಲ್ವಾನರ ಕಡೆಗೇ. ಮೈಕಿನ ಮಾತು ಹಿನ್ನೆಲೆಯಲ್ಲಿ ಅರೆಬರೆ ಕೇಳಿಸುತ್ತದೆ, ಅದು ಯಾರದೆಂದು ಎಲ್ಲೂ ಬರೆದಿರುವುದಿಲ್ಲ. ಜೋಡಿಗಳ ಚಿತ್ರ, ದಾನಿಗಳ ಪಟ್ಟಿ ಅಚ್ಚಾಗುವ ಕರಪತ್ರದಲ್ಲಿ ಇನ್ನೊಂದು ಸಾಲಿಗೆ ಜಾಗ ಮಾಡುವುದು ಕಷ್ಟವಲ್ಲ. ಬರುವ ಜಾತ್ರೆಗೆ ಮುನ್ನ ಸಂಘಟಕರು ಆ ಸಾಲಿನಲ್ಲಿ ಮೈಕ್ ಹಿಡಿಯುವವರ ಹೆಸರು ಹಾಕಲಿ, ಒಂದು ಸಂಜೆ ಅವರೆದುರು ಕುಳಿತು ಅವರ ಮಾತನ್ನು ಮುದ್ರಿಸಿಕೊಳ್ಳಲಿ. ಅವರು ಇರುವಾಗಲೇ ಆಗಬೇಕಾದ ಕೆಲಸ ಇದು.