ನಿಮಗಿದು ಗೊತ್ತೇ? ಸೋಂಕಿನ ಭಯವೂ ವಿದೇಶ ಪ್ರಯಾಣವೂ

ಭಾರತದಲ್ಲಿ ಕೋವಿಡ್ ವೈರಸ್ಸಿನ ಒಮಿಕ್ರಾನ್ ತಳಿ ಮೊದಲು ಪತ್ತೆಯಾದದ್ದು ಎಲ್ಲಿ ಗೊತ್ತೇ? ನಮ್ಮ ಬೆಂಗಳೂರಿನಲ್ಲೇ. 2021ರ ಡಿಸೆಂಬರ್ 2ರಂದು ಕೇಂದ್ರ ಆರೋಗ್ಯ ಸಚಿವಾಲಯ ಎರಡು ಪ್ರಕರಣಗಳನ್ನು ಪ್ರಕಟಿಸಿತು. ಒಬ್ಬರು ದಕ್ಷಿಣ ಆಫ್ರಿಕಾದಿಂದ ಬಂದಿದ್ದ 66 ವರ್ಷದ ಪ್ರಯಾಣಿಕ. ಇನ್ನೊಬ್ಬರು 46 ವರ್ಷದ ವೈದ್ಯರು. ಈ ವೈದ್ಯರು ವಿದೇಶಕ್ಕೆ ಹೋಗಿರಲೇ ಇಲ್ಲ! ದಕ್ಷಿಣ ಆಫ್ರಿಕಾ ಹೊಸ ತಳಿಯ ಸುದ್ದಿಯನ್ನು ಜಗತ್ತಿಗೆ ತಿಳಿಸಿದ್ದು ನವೆಂಬರ್ 24ರಂದು. ಎರಡೇ ದಿನದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಒಮಿಕ್ರಾನ್ ಎಂದು ಹೆಸರಿಟ್ಟಿತು, ಹಲವು ದೇಶಗಳು ಆಫ್ರಿಕಾದ ದಕ್ಷಿಣ ಭಾಗದ ವಿಮಾನಗಳಿಗೆ ಬಾಗಿಲು ಹಾಕಿದವು. ಬಾಗಿಲು ಹಾಕುವಷ್ಟರಲ್ಲಿ ವೈರಸ್ ಒಳಗೆ ಬಂದಾಗಿತ್ತು. ಸಾರಾಸಗಟು ಪ್ರಯಾಣ ನಿಷೇಧದಿಂದ ಹರಡುವಿಕೆ ನಿಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆ ಆಗಲೇ ಹೇಳಿತ್ತು. ಪ್ರಾಮಾಣಿಕವಾಗಿ ಸುದ್ದಿ ಕೊಟ್ಟ ದೇಶಕ್ಕೇ ಶಿಕ್ಷೆಯಾದದ್ದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಕೋವಿಡ್ ಕುರಿತ ಜಾಗತಿಕ ತುರ್ತುಸ್ಥಿತಿ 2020ರ ಜನವರಿ 30ರಂದು ಘೋಷಣೆಯಾಗಿ 2023ರ ಮೇ 5ರಂದು ಮುಗಿಯಿತು. ತುರ್ತುಸ್ಥಿತಿ ಮುಗಿದಿದೆ, ವೈರಸ್ ಮುಗಿದಿಲ್ಲ. ಹಾಗಾಗಿ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ ತಾಯಿಗೂ, ಯೂರೋಪ್ ಟೂರಿಗೆ ದುಡ್ಡು ಕೂಡಿಟ್ಟ ನಿವೃತ್ತ ದಂಪತಿಗೂ ಮನಸ್ಸಿನ ಮೂಲೆಯಲ್ಲಿ ಅದೇ ಪ್ರಶ್ನೆ: ಅಷ್ಟು ಹೊತ್ತು ಮುಚ್ಚಿದ ವಿಮಾನದಲ್ಲಿ ಕೂರುವುದು ಸುರಕ್ಷಿತವೇ?

ವಿಮಾನ ಹಾರುತ್ತಿರುವಾಗ ಒಳಗಿನ ಗಾಳಿ ಗಂಟೆಗೆ 20ರಿಂದ 30 ಸಲ ಬದಲಾಗುತ್ತದೆ, ಗೊತ್ತೇ? ಅದರಲ್ಲಿ ಸುಮಾರು ಅರ್ಧ ಹೊರಗಿನಿಂದ ಎಳೆದುಕೊಂಡ ಹೊಸ ಗಾಳಿ. ಉಳಿದರ್ಧ ಹೆಪಾ ಫಿಲ್ಟರ್ ಮೂಲಕ ಹಾದು ಬರುವಂಥದು. 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ 99.97ರಷ್ಟನ್ನು ಈ ಫಿಲ್ಟರ್ ಹಿಡಿಯುತ್ತದೆ. ಗಾಳಿ ಹರಿಯುವ ದಿಕ್ಕೂ ಮುಖ್ಯ. ಅದು ಚಾವಣಿಯಿಂದ ಇಳಿದು ಕಾಲ ಬಳಿ ಹೊರಹೋಗುತ್ತದೆ, ವಿಮಾನದ ಉದ್ದಕ್ಕೂ ಅಲೆಯುವುದಿಲ್ಲ.

ಹಾಗಾದರೆ ಅಪಾಯ ಎಲ್ಲಿದೆ? ಪಕ್ಕದ ಸೀಟಿನಲ್ಲಿದೆ, ಮತ್ತು ವಿಮಾನ ನೆಲದ ಮೇಲೆ ನಿಂತಿರುವ ಹೊತ್ತಿನಲ್ಲಿದೆ. 2020ರ ಮಾರ್ಚ್ ಮೊದಲ ವಾರ ಲಂಡನ್‌ನಿಂದ ಹನೋಯ್‌ಗೆ ಹೋದ ವಿಮಾನದಲ್ಲಿ ಕೆಮ್ಮುತ್ತಿದ್ದ ಒಬ್ಬರೇ ಒಬ್ಬ ಸೋಂಕಿತರಿದ್ದರು. ಸುಮಾರು ಹತ್ತು ಗಂಟೆಯ ಪಯಣ, ಆಗಿನ್ನೂ ಮಾಸ್ಕ್ ಕಡ್ಡಾಯವಾಗಿರಲಿಲ್ಲ. ಆ ವಿಮಾನದಲ್ಲಿದ್ದ ಇನ್ನೂ 15 ಮಂದಿಗೆ ಸೋಂಕು ಪತ್ತೆಯಾಯಿತು. ಅವರಲ್ಲಿ 12 ಮಂದಿ ಆ ಸೋಂಕಿತರ ಜೊತೆ ಬಿಸಿನೆಸ್ ಕ್ಲಾಸಿನಲ್ಲಿ ಕೂತವರೇ. ಹೆಚ್ಚು ದುಡ್ಡು ಕೊಟ್ಟ ಅಗಲ ಸೀಟು ಅವರನ್ನು ಕಾಪಾಡಲಿಲ್ಲ.

ಇನ್ನೊಂದು ಪ್ರಕರಣ ಇದಕ್ಕಿಂತ ಕುತೂಹಲಕರ. 2020ರ ಸೆಪ್ಟೆಂಬರ್ 29ರಂದು ದುಬೈನಿಂದ ಆಕ್ಲೆಂಡ್‌ಗೆ ಹೋದ ವಿಮಾನದಲ್ಲಿ 86 ಪ್ರಯಾಣಿಕರಿದ್ದರು. ನ್ಯೂಜಿಲೆಂಡಿನ ಕ್ವಾರಂಟೈನ್ ಕೇಂದ್ರದಲ್ಲಿ ಏಳು ಮಂದಿಗೆ ಸೋಂಕು ಕಂಡಿತು. ಎಲ್ಲರೂ ವಿಮಾನದಲ್ಲಿ ನಾಲ್ಕು ಸಾಲುಗಳ ಒಳಗೇ ಕೂತಿದ್ದರು. ತಜ್ಞರು ಹಿಂದೆ ಹೋಗಿ ಕೆದಕಿದಾಗ ಒಂದು ಸಂಗತಿ ಸಿಕ್ಕಿತು. ಇಂಧನ ತುಂಬಿಸಲು ವಿಮಾನ ಕ್ವಾಲಾಲಂಪುರದಲ್ಲಿ ನಿಂತಿದ್ದಾಗ ಸುಮಾರು 30 ನಿಮಿಷ ಅದರ ಸಹಾಯಕ ವಿದ್ಯುತ್ ಘಟಕ ಬಂದ್ ಆಗಿತ್ತು. ಅಂದರೆ ಅಷ್ಟು ಹೊತ್ತು ಗಾಳಿ ಶುದ್ಧಿಯ ವ್ಯವಸ್ಥೆಯೂ ಬಂದ್.

ಈ ಎರಡು ಪ್ರಕರಣ ನೆನಪಿಟ್ಟರೆ ಏನು ಮಾಡಬೇಕೆಂಬುದು ತಾನಾಗಿ ಹೊಳೆಯುತ್ತದೆ. ಬೋರ್ಡಿಂಗ್ ಸಾಲಿನಲ್ಲಿ, ಏರೋಬ್ರಿಡ್ಜಿನ ಇಕ್ಕಟ್ಟಿನಲ್ಲಿ, ವಿಮಾನ ಇಳಿದ ಮೇಲೆ ಬ್ಯಾಗಿಗಾಗಿ ಎಲ್ಲರೂ ಎದ್ದು ನಿಲ್ಲುವ ಆ ಹದಿನೈದು ನಿಮಿಷ ಎನ್95 ಮಾಸ್ಕ್ ಇರಲಿ. ತಲೆ ಮೇಲಿನ ಗಾಳಿ ನಳಿಕೆಯನ್ನು ತಿರುಗಿಸಿ ತೆರೆದಿಡಿ. ಚಳಿ ಎಂದು ಅದನ್ನು ಮುಚ್ಚುವವರೇ ಹೆಚ್ಚು. ಶಾಲು ಹೊದ್ದುಕೊಂಡರೆ ಆಯಿತು.

ವಿಮಾನದ ಊಟ ಸಪ್ಪೆ ಎನಿಸಿದರೆ ಕೋವಿಡ್ ಬಂತೆಂದು ಗಾಬರಿಯಾಗಬೇಡಿ! ಒಳಗಿನ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟಿರುತ್ತದೆ, ತೇವಾಂಶ ಶೇ 20ಕ್ಕಿಂತ ಕಡಿಮೆ. ಮೂಗು ಒಣಗುತ್ತದೆ, ಉಪ್ಪು-ಸಿಹಿಯ ರುಚಿ ಮಂಕಾಗುತ್ತದೆ. ಎಲ್ಲರಿಗೂ ಆಗುವಂಥದ್ದೇ.

ನಾಲ್ಕು ಗಂಟೆ ಮೀರಿ ಕೂತೇ ಇದ್ದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಸಾಧ್ಯತೆ ಇಮ್ಮಡಿಯಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ ಹೇಳಿದೆ. ಹಾಗಿದ್ದೂ ಅದು 6,000 ಮಂದಿಯಲ್ಲಿ ಒಬ್ಬರಿಗೆ. ಎದ್ದು ನಾಲ್ಕು ಹೆಜ್ಜೆ ನಡೆಯಿರಿ.

ಸೋಂಕಿನ ಕಾಲದ ಪ್ರಯಾಣ ನಿಯಮ ಎಷ್ಟು ಹಳೆಯದು? 1377ರಲ್ಲಿ ರಗುಸಾ, ಅಂದರೆ ಇಂದಿನ ಕ್ರೊಯೇಷಿಯಾದ ಡುಬ್ರೊವ್ನಿಕ್, ಪ್ಲೇಗ್ ಇರುವ ಕಡೆಯಿಂದ ಬಂದವರು 30 ದಿನ ಹೊರಗೇ ಇರಬೇಕೆಂದು ಕಾನೂನು ಮಾಡಿತು. ಊರಾಚೆಗಿನ ಪುಟ್ಟ ದ್ವೀಪದಂಥ ಕಡೆ ಅವರು ಕಾಯಬೇಕಿತ್ತು. ಇಂದು ಅದೇ ಊರಿನ ಕೋಟೆಗೋಡೆ ನೋಡಲು ಜಗತ್ತೆಲ್ಲ ಮುಗಿಬೀಳುತ್ತದೆ.

ನಮ್ಮಲ್ಲೂ ಇಂಥದ್ದಿತ್ತು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗ್ 1898ರಲ್ಲಿ ಹುಬ್ಬಳ್ಳಿ ಕಡೆಯಿಂದ ರೈಲು ಹತ್ತಿ ಬೆಂಗಳೂರಿಗೆ ಬಂತು. ಆಗ ಮದ್ರಾಸ್ ಪ್ರಾಂತ್ಯದಲ್ಲಿ ಸೋಂಕಿನ ಊರುಗಳಿಂದ ಬಂದವರ ಕೈಗೆ ಪ್ಲೇಗ್ ಪಾಸ್‌ಪೋರ್ಟ್ ಕೊಡುತ್ತಿದ್ದರು. ಅದನ್ನು ಹಿಡಿದು ಹತ್ತು ದಿನ ಅಧಿಕಾರಿಗಳ ಮುಂದೆ ಹಾಜರಾಗಿ ಆರೋಗ್ಯ ತಪಾಸಣೆ ಮಾಡಿಸಿಕೊಳ್ಳಬೇಕಿತ್ತು.

2020ರ ಮಾರ್ಚಿನಲ್ಲಿ ವಿದೇಶದಿಂದ ಇಳಿದವರ ಕೈ ಮೇಲೆ ಕ್ವಾರಂಟೈನ್ ಮುದ್ರೆ ಒತ್ತಿದ್ದು ನೆನಪಿದೆಯೇ? ಅದಕ್ಕೆ ಮತದಾನದ ಅಳಿಸಲಾಗದ ಶಾಯಿ ಬಳಸಲು ಚುನಾವಣಾ ಆಯೋಗ ಒಪ್ಪಿಗೆ ಕೊಟ್ಟಿತು. ಆ ಶಾಯಿಯ ಊರು ಮೈಸೂರು. ನಾಲ್ವಡಿ ಕೃಷ್ಣರಾಜ ಒಡೆಯರ್ 1937ರಲ್ಲಿ ಆರಂಭಿಸಿದ, ಇಂದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರಿನ ಕಾರ್ಖಾನೆ 1962ರಿಂದ ದೇಶದ ಚುನಾವಣೆಗಳಿಗೆ ಅದನ್ನು ತಯಾರಿಸುತ್ತಿದೆ. ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಜೊತೆ ಬೆರೆತು ಬೆಳಕಿಗೆ ಕಪ್ಪಾಗುತ್ತದೆ, ಸೋಪಿಗೆ ಹೋಗುವುದಿಲ್ಲ.

2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾ ಬಂದರಿನಲ್ಲಿ ತಡೆದು ನಿಲ್ಲಿಸಿದ ಡೈಮಂಡ್ ಪ್ರಿನ್ಸೆಸ್ ಹಡಗಿನಲ್ಲಿ 3,711 ಜನರಿದ್ದರು. 700ಕ್ಕೂ ಹೆಚ್ಚು ಮಂದಿಗೆ ಸೋಂಕು ತಗುಲಿತು. ಅಲ್ಲಿ ಸಿಲುಕಿದ್ದ 119 ಭಾರತೀಯರನ್ನು ಫೆಬ್ರವರಿ 27ರಂದು ದೆಹಲಿಗೆ ಕರೆತರಲಾಯಿತು.

ಭಾರತದ ನಿಯಮಿತ ಅಂತರರಾಷ್ಟ್ರೀಯ ವಿಮಾನಗಳು ನಿಂತದ್ದು 2020ರ ಮಾರ್ಚ್ ಕೊನೆಯ ವಾರ, ಮತ್ತೆ ಶುರುವಾದದ್ದು 2022ರ ಮಾರ್ಚ್ 27ಕ್ಕೆ. ಪೂರಾ ಎರಡು ವರ್ಷ! ನಡುವೆ ಆಧಾರವಾದದ್ದು ವಿದೇಶದಲ್ಲಿ ಸಿಲುಕಿದವರನ್ನು ಕರೆತರಲು 2020ರ ಮೇ 7ರಂದು ಆರಂಭವಾದ ವಂದೇ ಭಾರತ್ ಮಿಷನ್ ಮತ್ತು ಆಮೇಲೆ ಎರಡೆರಡು ದೇಶಗಳು ತಮ್ಮ ನಡುವೆ ವಿಮಾನ ಬಿಡಲು ಮಾಡಿಕೊಂಡ ಏರ್ ಬಬಲ್ ಒಪ್ಪಂದಗಳು. ಮೇ 12ರಂದು ದುಬೈನಿಂದ ಮಂಗಳೂರಿಗೆ ಮೊದಲ ವಿಮಾನ ಇಳಿಯಿತು. ಕೊಲ್ಲಿಯಲ್ಲಿ ದುಡಿಯುವ ಮಗನೋ ಅಳಿಯನೋ ಇರುವ ಕರಾವಳಿಯ ಮನೆಗಳಿಗೆ ಆ ದಿನದ ಬೆಲೆ ಗೊತ್ತು. ಅದಕ್ಕೂ ಎರಡು ದಿನ ಮೊದಲು ನೌಕಾಪಡೆಯ ಐಎನ್‌ಎಸ್ ಜಲಾಶ್ವ ಮಾಲೆಯಿಂದ 698 ಜನರನ್ನು ಹೊತ್ತು ಕೊಚ್ಚಿಗೆ ಬಂದಿತ್ತು.

ಕೋವಿಡ್ ನಡುವೆಯೇ ಬೆಂಗಳೂರಿಗೆ ಒಂದು ದೊಡ್ಡ ದಾರಿ ತೆರೆಯಿತು. ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾದ ನೇರ ವಿಮಾನ 2021ರ ಜನವರಿ 11ರ ಬೆಳಗಿನ ಜಾವ ಕೆಂಪೇಗೌಡ ನಿಲ್ದಾಣದಲ್ಲಿ ಇಳಿಯಿತು. ಎರಡು ಊರುಗಳ ನಡುವಿನ ನೇರ ಅಂತರ ಸುಮಾರು 14,000 ಕಿ.ಮೀ., ದಾರಿ ಉತ್ತರ ಧ್ರುವದ ಮೇಲಿಂದ. ಕಾಕ್‌ಪಿಟ್‌ನಲ್ಲಿ ಎಲ್ಲರೂ ಮಹಿಳೆಯರು: ಕ್ಯಾಪ್ಟನ್ ಜೋಯಾ ಅಗರ್‌ವಾಲ್, ಪಾಪಗರಿ ತನ್ಮಯಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್. ಸೋಂಕಿನ ಭಯವಿರುವವರು ನೇರ ವಿಮಾನವನ್ನೇ ಆರಿಸಿಕೊಳ್ಳುವುದು ಲೇಸು. ನಡುವೆ ಇಳಿಯುವ ದೇಶದ ನಿಯಮಗಳೂ ನಿಮಗೆ ಅನ್ವಯಿಸಬಹುದು, ಇನ್ನೊಂದು ನಿಲ್ದಾಣದ ನೂಕುನುಗ್ಗಲೂ ನಿಮ್ಮ ಪಾಲಿಗೆ ಬರುತ್ತದೆ.

ಲಸಿಕೆ ಹಾಕಿಸಿಕೊಂಡಿದ್ದರೂ ಕಾಗದ ಸರಿಯಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 2021ರ ಅಕ್ಟೋಬರ್ ಸಾಕ್ಷಿ. ಬ್ರಿಟನ್ ಕೋವಿಶೀಲ್ಡ್ ಲಸಿಕೆಯನ್ನು ಒಪ್ಪಿಕೊಂಡಿತು, ಭಾರತದ ಪ್ರಮಾಣಪತ್ರವನ್ನು ಒಪ್ಪಲಿಲ್ಲ. ಭಾರತವೂ ಅಕ್ಟೋಬರ್ 4ರಿಂದ ಬ್ರಿಟಿಷ್ ಪ್ರಜೆಗಳಿಗೆ ಅಷ್ಟೇ ಬಿಗಿ ನಿಯಮ ಹೇರಿತು. 11ರಂದು ಬ್ರಿಟನ್ ಸಡಿಲಿಸಿತು. ಈ ಗಲಾಟೆಯ ಹೊತ್ತಿನಲ್ಲೇ ಭಾರತದ ಲಸಿಕೆ ಜಾಲತಾಣ ಕೋವಿನ್ ಕೊಡುವ ಪ್ರಮಾಣಪತ್ರದಲ್ಲಿ ಬರೀ ವಯಸ್ಸಿನ ಬದಲು ಪೂರ್ತಿ ಜನ್ಮದಿನಾಂಕ ನಮೂದಿಸುವ ಸೌಲಭ್ಯ ಬಂತು. ಕೊವ್ಯಾಕ್ಸಿನ್ ಹಾಕಿಸಿಕೊಂಡವರ ಕಾಯುವಿಕೆ ಇನ್ನೂ ಉದ್ದ. ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಸಿಕ್ಕಿದ್ದು ನವೆಂಬರ್ 3ಕ್ಕೆ. ಐದೇ ದಿನಕ್ಕೆ, ನವೆಂಬರ್ 8ರಂದು ಅಮೆರಿಕ ಲಸಿಕೆ ಪಡೆದ ವಿದೇಶಿಯರಿಗೆ ಬಾಗಿಲು ತೆರೆಯಿತು. ಮೊಮ್ಮಗುವಿನ ಮುಖ ನೋಡಲು ಕಾದಿದ್ದ ಅಜ್ಜಿ-ತಾತಂದಿರು ಕೊನೆಗೂ ಪೆಟ್ಟಿಗೆ ಕಟ್ಟಬಹುದಾಯಿತು.

ಕೆನ್ಯಾದ ಮಸಾಯಿ ಮಾರಾ ಸಫಾರಿಗೆ ಹೊರಟಿದ್ದೀರಾ? ಕೋವಿಡ್‌ಗಿಂತ ಮೊದಲು ಹಳದಿ ಜ್ವರದ ಬಗ್ಗೆ ಯೋಚಿಸಿ. ಆ ಲಸಿಕೆಯ ಪ್ರಮಾಣಪತ್ರವಿಲ್ಲದೆ ಅಲ್ಲಿಂದ ಮರಳಿದರೆ ಭಾರತದಲ್ಲೇ ನಿಮ್ಮನ್ನು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಪ್ರಮಾಣಪತ್ರ ಸಿಂಧುವಾಗುವುದು ಚುಚ್ಚಿಸಿಕೊಂಡ ಹತ್ತು ದಿನದ ನಂತರ. ಒಮ್ಮೆ ಹಾಕಿಸಿಕೊಂಡರೆ 2016ರ ಜುಲೈನಿಂದ ಅದು ಜೀವಮಾನವಿಡೀ ನಡೆಯುತ್ತದೆ.

ಜನರಿಗೆ ಪ್ರಯಾಣದ ಹಂಬಲ ಎಷ್ಟಿತ್ತೆಂದರೆ, 2020ರ ಅಕ್ಟೋಬರ್ 10ರಂದು ಸಿಡ್ನಿಯಿಂದ ಹೊರಟು ಸಿಡ್ನಿಗೇ ಇಳಿದ ಕ್ವಾಂಟಸ್‌ನ ಏಳು ಗಂಟೆಯ ವಿಮಾನದ ಟಿಕೆಟ್ಟುಗಳು ಹತ್ತು ನಿಮಿಷದಲ್ಲಿ ಖಾಲಿಯಾದವು. ಸಿಂಗಪುರದ ಚಾಂಗಿಯಲ್ಲಿ ನಿಂತಿದ್ದ ಎ380 ವಿಮಾನವನ್ನು ಹೋಟೆಲ್ ಮಾಡಿದಾಗ ಮೊದಲೆರಡು ದಿನದ ಊಟದ ಸೀಟುಗಳು ಅರ್ಧ ಗಂಟೆಯಲ್ಲಿ ಮುಗಿದವು. ಪೆರುವಿನಲ್ಲಿ ಏಳು ತಿಂಗಳು ಸಿಲುಕಿದ್ದ ಜಪಾನಿನ ಪ್ರವಾಸಿಯೊಬ್ಬನಿಗಾಗಿ ಮಚು ಪಿಚುವಿನ ಬಾಗಿಲನ್ನೇ ತೆರೆದರು. ಅಷ್ಟು ದೊಡ್ಡ ಪ್ರಾಚೀನ ನಗರದಲ್ಲಿ ಅವನೊಬ್ಬನೇ ಪ್ರವಾಸಿ!

ಪ್ರವಾಸ ನಿಂತಿದ್ದ ಆ ದಿನಗಳಲ್ಲಿ ವೆನಿಸ್ ಕಾಲುವೆಗೆ ಡಾಲ್ಫಿನ್ ಬಂತು ಎಂಬ ವಿಡಿಯೊ ನಿಮ್ಮ ವಾಟ್ಸ್‌ಆ್ಯಪಿಗೂ ಬಂದಿರಬೇಕು. ಅದು ಸಾರ್ಡಿನಿಯಾ ದ್ವೀಪದ್ದು. ವೆನಿಸ್ ನೀರು ತಿಳಿಯಾದದ್ದು ಮಾತ್ರ ನಿಜ, ದೋಣಿಗಳು ನಿಂತು ಕೆಸರು ತಳಕ್ಕಿಳಿದಿತ್ತು.

ತೀರ್ಥಯಾತ್ರೆಯೂ ಕುಗ್ಗಿತು. 2019ರಲ್ಲಿ ಸುಮಾರು 25 ಲಕ್ಷ ಮಂದಿ ಹಜ್ ಮಾಡಿದ್ದರು. 2021ರಲ್ಲಿ ಅವಕಾಶ ಸಿಕ್ಕಿದ್ದು ಸೌದಿ ಅರೇಬಿಯಾದೊಳಗೇ ಇದ್ದ 60,000 ಜನರಿಗೆ ಮಾತ್ರ.

ಬಾಗಿಲುಗಳು ಒಂದೊಂದಾಗಿ ತೆರೆದವು. ಮಾಲ್ಡೀವ್ಸ್ 2020ರ ಜುಲೈ 15ಕ್ಕೇ ತೆರೆಯಿತು, 2021ರಲ್ಲಿ ಅಲ್ಲಿಗೆ ಹೋದ ಪ್ರವಾಸಿಗರಲ್ಲಿ ಭಾರತೀಯರೇ ಮೊದಲಿಗರು. ಆಸ್ಟ್ರೇಲಿಯಾ 2022ರ ಫೆಬ್ರವರಿ 21, ನ್ಯೂಜಿಲೆಂಡ್ ಪೂರ್ತಿಯಾಗಿ ಅದೇ ವರ್ಷದ ಜುಲೈ 31, ಭೂತಾನ್ ಸೆಪ್ಟೆಂಬರ್ 23, ಜಪಾನ್ ಅಕ್ಟೋಬರ್ 11. ಚೀನಾ ಕ್ವಾರಂಟೈನ್ ಕೈಬಿಟ್ಟದ್ದು 2023ರ ಜನವರಿ 8ಕ್ಕೆ.

ಯೂರೋಪಿನ ಷೆಂಗೆನ್ ವೀಸಾಗೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಅಮೆರಿಕಕ್ಕೆ ಅಂಥ ಕಡ್ಡಾಯ ಪ್ರವಾಸಿಗರಿಗಿಲ್ಲ, ಆದರೆ ವಿಮೆ ನಿಜಕ್ಕೂ ಬೇಕಾಗುವುದು ಅಲ್ಲೇ. ಬಿಪಿ, ಸಕ್ಕರೆ ಕಾಯಿಲೆ ಇರುವ ಹಿರಿಯರನ್ನು ಕಳಿಸುವವರು ಪಾಲಿಸಿಯಲ್ಲಿ ಎರಡು ಸಾಲು ಹುಡುಕಿ ಓದಿ: ಮೊದಲೇ ಇರುವ ಕಾಯಿಲೆಗೆ ರಕ್ಷಣೆ ಇದೆಯೇ, ಕೋವಿಡ್ ಚಿಕಿತ್ಸೆ ಸೇರಿದೆಯೇ. ಮಾತ್ರೆಗಳು ಕೈಚೀಲದಲ್ಲೇ ಇರಲಿ, ಜೊತೆಗೆ ವೈದ್ಯರ ಚೀಟಿ. ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿಗಿಂತ ಔಷಧದ ಮೂಲ ಹೆಸರು ಬರೆಸಿಕೊಳ್ಳಿ. ಇಲ್ಲಿನ ಬ್ರ್ಯಾಂಡ್ ಅಲ್ಲಿನ ವೈದ್ಯರಿಗೆ ತಿಳಿಯದು. ನೆಗಡಿ ಮಾತ್ರೆಯ ವಿಷಯದಲ್ಲೂ ಎಚ್ಚರ: ಸ್ಯೂಡೊಎಫೆಡ್ರಿನ್ ಶೇ 10ಕ್ಕಿಂತ ಹೆಚ್ಚಿರುವ ಔಷಧವನ್ನು ಜಪಾನ್ ಒಳಗೆ ಬಿಡುವುದಿಲ್ಲ. ಕೊಡೀನ್ ಇರುವ ಕೆಮ್ಮಿನ ಸಿರಪ್ಪಿಗೆ ಯುಎಇಯಲ್ಲಿ ಕಟ್ಟುನಿಟ್ಟಿನ ನಿಯಂತ್ರಣವಿದೆ.

ಇನ್ನೊಂದು ವಸ್ತುವಿದೆ, ನಮ್ಮ ಅಡುಗೆಮನೆಯ ಡಬ್ಬಿಯಲ್ಲೇ ಇರುವಂಥದು. ಗಸಗಸೆ! ಪಾಯಸಕ್ಕೆಂದು, ಸಾಗುವಿಗೆಂದು ಅಮ್ಮ ಪ್ರೀತಿಯಿಂದ ಪೊಟ್ಟಣ ಕಟ್ಟಿ ಚಟ್ನಿಪುಡಿಯ ಪಕ್ಕ ಇಟ್ಟಿರುತ್ತಾರೆ. ಅಫೀಮಿನ ಗಿಡದ ಬೀಜವೆಂದು ಯುಎಇಯಲ್ಲಿ ಅದು ನಿಷಿದ್ಧ, ಸಿಕ್ಕಿಬಿದ್ದರೆ ಜೈಲೂ ಆಗಬಹುದು. ಸಿಂಗಪುರಕ್ಕೂ ಒಯ್ಯುವಂತಿಲ್ಲ. ಪೆಟ್ಟಿಗೆ ಮುಚ್ಚುವ ಮೊದಲು ಒಮ್ಮೆ ಕೇಳಿ.

ಹೊರಡುವ ದಿನ ಜ್ವರವೋ ಕೆಮ್ಮೋ ಕಾಣಿಸಿಕೊಂಡರೆ ಮನೆಯಲ್ಲೇ ಕಿಟ್ ತಂದು ಪರೀಕ್ಷಿಸಿಕೊಳ್ಳಿ, ಪಾಸಿಟಿವ್ ಬಂದರೆ ಟಿಕೆಟ್ ಮುಂದೂಡಿ. ದಿನಾಂಕ ಬದಲಿಸಲು ಅವಕಾಶವಿರುವ ಟಿಕೆಟ್ ತುಸು ದುಬಾರಿಯಾದರೂ ಬುಕ್ ಮಾಡುವಾಗಲೇ ಅದನ್ನೇ ತೆಗೆದುಕೊಳ್ಳಿ. ನಿಮ್ಮ ಪಕ್ಕದ ಸೀಟಿನಲ್ಲಿ ಕೂರುವವರು ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಮಗನ ಮನೆಗೆ ಹೊರಟವರೂ ಆಗಿರಬಹುದು.