ಟಿ.ಬಿ. ಮಾತ್ರೆಗೆ ಬಗ್ಗದ ಕ್ರಿಮಿಗಳು

ಕಫ ಪರೀಕ್ಷೆಯಲ್ಲಿ ಕೆಂಪು ಕಡ್ಡಿಯಂಥ ಕ್ರಿಮಿ ಕಂಡರೆ ಅದು ಟಿ.ಬಿ.ಯೇ ಎಂದು ನಂಬುವವರು ಬಹಳ. ನಮ್ಮ ದೇಶದಲ್ಲಿ ಬಹುಪಾಲು ಸಲ ಅದು ನಿಜವೂ ಹೌದು. ಆದರೆ ಟಿ.ಬಿ. ಕ್ರಿಮಿ ಸೇರಿರುವ ಮೈಕೋಬ್ಯಾಕ್ಟೀರಿಯಾ ಕುಲದಲ್ಲಿ ನೂರಕ್ಕೂ ಹೆಚ್ಚು ಪ್ರಭೇದಗಳಿವೆ. ಮಣ್ಣು, ನಲ್ಲಿ ನೀರು, ಬಚ್ಚಲಿನ ಶವರ್‌ಗಳಲ್ಲಿ ಬದುಕುವ ಪ್ರಭೇದಗಳೂ ಬಣ್ಣ ಹಾಕಿದರೆ ಹಾಗೆಯೇ ಕೆಂಪಗೆ ಕಾಣುತ್ತವೆ. ಟಿ.ಬಿ.ಯಲ್ಲದ ಈ ಮೈಕೋಬ್ಯಾಕ್ಟೀರಿಯಾಗಳನ್ನು ವೈದ್ಯರು ಎನ್‌ಟಿಎಂ ಎನ್ನುತ್ತಾರೆ. ಹಿಂದೆ ಟಿ.ಬಿ. ಬಂದು ಹಾಳಾದ ಶ್ವಾಸಕೋಶವೆಂದರೆ ಇವಕ್ಕೆ ಒಳ್ಳೆಯ ನೆಲೆ. ಆಗ ಮನೆಯವರು ‘ಟಿ.ಬಿ. ಮರುಕಳಿಸಿತು’ ಎಂದುಕೊಳ್ಳುತ್ತಾರೆ.

ಹತ್ತಿರದ ಸಂಬಂಧಿಯಲ್ಲವೇ, ಅದೇ ಮಾತ್ರೆ ಸಾಕಲ್ಲ? ಸಾಲದು. ಇವುಗಳಲ್ಲಿ ಮಹಾ ಹಟಮಾರಿ ‘ಅಬ್ಸೆಸಸ್’ ಎಂಬ ಪ್ರಭೇದ. ಟಿ.ಬಿ. ಚಿಕಿತ್ಸೆಯ ಆಧಾರಸ್ತಂಭವಾದ ರಿಫಾಂಪಿಸಿನ್ ಒಳಹೊಕ್ಕರೆ, ಅದರ ‘ಆರ್’ ಎಂಬ ಕಿಣ್ವ ಔಷಧದ ಅಣುವಿಗೆ ಒಂದು ರಾಸಾಯನಿಕ ತುಣುಕನ್ನು ಅಂಟಿಸಿಬಿಡುತ್ತದೆ. ಮದ್ದು ಅಲ್ಲಿಗೆ ನಿಷ್ಪ್ರಯೋಜಕ. ಇದು ಹುಟ್ಟಿನಿಂದಲೇ ಬಂದ ಪ್ರತಿರೋಧ. ‘ಮಾತ್ರೆ ತಪ್ಪಿಸಿದ್ದಕ್ಕೇ ಹೀಗಾಯಿತು’ ಎಂದು ರೋಗಿಯನ್ನು ಗದರುವುದು ಇಲ್ಲಿ ಶುದ್ಧ ಅನ್ಯಾಯ.

ಹಾಗೆಂದು ಟಿ.ಬಿ. ಔಷಧಗಳನ್ನೆಲ್ಲ ಪಕ್ಕಕ್ಕಿಡುವುದೂ ತಪ್ಪೇ. ರಿಫಾಂಪಿಸಿನ್‌ನ ಹತ್ತಿರದ ನೆಂಟ ರಿಫಾಬುಟಿನ್ ಪ್ರಯೋಗಾಲಯದಲ್ಲಿ ಅಬ್ಸೆಸಸ್ ಮೇಲೆ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಆ ಕಿಣ್ವದ ಕೈಗೆ ಸಿಗದಂತೆ ಅಣುವನ್ನೇ ಒಂದಿಷ್ಟು ತಿದ್ದುವ ಕೆಲಸವೂ ನಡೆದಿದೆ. ಕ್ಲೋಫಜಿಮಿನ್ ಕಥೆ ಇನ್ನೂ ಸೊಗಸು. 1950ರ ದಶಕದಲ್ಲಿ ಡಬ್ಲಿನ್‌ನಲ್ಲಿ ಟಿ.ಬಿ.ಗೆಂದೇ ತಯಾರಾದ ಮದ್ದು ಅದು. ಹೆಸರು ಮಾಡಿದ್ದು ಮಾತ್ರ ಕುಷ್ಠರೋಗದಲ್ಲಿ. ಈಗ ಔಷಧಕ್ಕೆ ಬಗ್ಗದ ಟಿ.ಬಿ.ಗೂ ಎನ್‌ಟಿಎಂಗೂ ಮರಳಿ ಬಳಕೆಗೆ ಬಂದಿದೆ. ಚರ್ಮ ಕಂದುಗಟ್ಟುತ್ತದೆ, ಅಷ್ಟು ಸಹಿಸಬೇಕು.

2012ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಟಿ.ಬಿ. ಔಷಧ ಬೆಡಾಕ್ವಿಲಿನ್ ಬಗ್ಗೆ ಭರವಸೆ ದೊಡ್ಡದು, ಕೆಲವರಿಗೆ ಅದು ರಾಮಬಾಣ. ಕ್ರಿಮಿ ತನಗೆ ಬೇಕಾದ ಶಕ್ತಿಯನ್ನು ತಯಾರಿಸಿಕೊಳ್ಳುವ ಯಂತ್ರವನ್ನೇ ಅದು ತಡೆಯುತ್ತದೆ. ಆದರೆ ಅಬ್ಸೆಸಸ್‌ನ ಬೆಳವಣಿಗೆ ನಿಲ್ಲುತ್ತದೆಯೇ ಹೊರತು ಕ್ರಿಮಿ ಸುಲಭಕ್ಕೆ ಸಾಯುವುದಿಲ್ಲ. ಹೀಗಾಗಿ ಒಂದೇ ಮದ್ದಿನ ಮೇಲೆ ಭಾರ ಹಾಕುವಂತಿಲ್ಲ. ಹಲವು ಔಷಧ ಕೂಡಿಸಿ, ಕಫದ ಕ್ರಿಮಿಯನ್ನು ಬೆಳೆಸಿ ನೋಡುವ ಕಲ್ಚರ್‌ನಲ್ಲಿ ಕ್ರಿಮಿ ಕಾಣದಂತಾದ ಮೇಲೂ ಸಾಮಾನ್ಯವಾಗಿ ಒಂದು ವರ್ಷ ಚಿಕಿತ್ಸೆ ಮುಂದುವರಿಸಬೇಕು.

ಇನ್ನು ಅಂಟುವ ಭಯ: ಇದು ಟಿ.ಬಿ.ಯಂತೆ ಮನೆಮಂದಿಗೆಲ್ಲ ಹರಡುವುದಿಲ್ಲ. ತಟ್ಟೆ ಲೋಟ ಬೇರೆ ಇಡಬೇಕಿಲ್ಲ.

ಕಫದಲ್ಲಿ ಕ್ರಿಮಿ ಕಂಡೂ, ಟಿ.ಬಿ. ಕ್ರಿಮಿಯ ಜೀನ್ ಹುಡುಕುವ ಸಿಬಿನಾಟ್ ಪರೀಕ್ಷೆಯ ವರದಿ ‘ಟಿ.ಬಿ. ಇಲ್ಲ’ ಎಂದರೆ, ಕಲ್ಚರ್ ಮಾಡಿಸಿ ಪ್ರಭೇದ ಗುರುತಿಸಬೇಕೇ ಎಂದು ವೈದ್ಯರನ್ನು ಕೇಳಿ. ಅಲ್ಲಿಯತನಕ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.