ತೆರೆಯ ಮೇಲೆ ಕಾಣದ ಮೊದಲ ಸಾಲು

ವೆಬ್ ಪುಟವೊಂದರ ಸೋರ್ಸ್ ಕೋಡ್ ತೆರೆದರೆ ಎಲ್ಲಕ್ಕಿಂತ ಮೇಲೆ ಸಾಮಾನ್ಯವಾಗಿ ಒಂದು ಪುಟ್ಟ ಸಾಲು ಇರುತ್ತದೆ: ‘ಡಾಕ್‌ಟೈಪ್ ಎಚ್‌ಟಿಎಂಎಲ್’. ಚಿಹ್ನೆಗಳು, ಖಾಲಿ ಜಾಗ ಎಲ್ಲ ಸೇರಿ ಇಂಗ್ಲಿಷಿನಲ್ಲಿ 15 ಅಕ್ಷರ. ಪುಟ ಓದುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಅಳಿಸಿಬಿಟ್ಟರೆ ಮಾತ್ರ ಪುಟದ ಅಳತೆಗಳು ಅಲ್ಲಲ್ಲಿ ಏರುಪೇರಾಗಬಹುದು.

ಇದರ ಬೇರು 1990ರ ದಶಕದಲ್ಲಿದೆ. ಪುಟದ ವಿನ್ಯಾಸ ಹೇಳುವ ಸಿಎಸ್ಎಸ್ ನಿಯಮಗಳನ್ನು ಡಬ್ಲ್ಯು3ಸಿ ಸಂಸ್ಥೆ 1996ರ ಡಿಸೆಂಬರಿನಲ್ಲಿ ಹೊರತಂದಿತು. ಬ್ರೌಸರುಗಳು ಅವನ್ನು ಒಂದೇ ರೀತಿ ಪಾಲಿಸಲಿಲ್ಲ. ಒಂದು ಚೌಕದ ಅಗಲ 300 ಪಿಕ್ಸೆಲ್, ಎರಡೂ ಬದಿಗೆ ಪ್ಯಾಡಿಂಗ್ ತಲಾ 20, ಬಾರ್ಡರ್ ತಲಾ 5 ಎಂದುಕೊಳ್ಳಿ. ನಿಯಮದಂತೆ 300 ಒಳಗಿನ ಬರಹಕ್ಕೆ ಮಾತ್ರ. ಚೌಕದ ಒಟ್ಟು ಅಗಲ 350. ವಿಂಡೋಸ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಎಲ್ಲವನ್ನೂ 300ರೊಳಗೇ ತುರುಕಿ, ಬರಹಕ್ಕೆ 250 ಉಳಿಸುತ್ತಿತ್ತು.

ಈ ಲೆಕ್ಕ ತಿದ್ದಿದರೆ ಅದನ್ನೇ ನಂಬಿ ಕಟ್ಟಿದ ಹಳೆಯ ಪುಟಗಳು ಕೆಡುತ್ತವೆ, ತಿದ್ದದಿದ್ದರೆ ನಿಯಮಕ್ಕೆ ಬೆಲೆಯಿಲ್ಲ.

ದಾರಿ ತೋರಿಸಿದ್ದು 2000ದಲ್ಲಿ ಬಂದ, ಮ್ಯಾಕ್‌ಗಾಗಿ ರೂಪಿಸಿದ ಎಕ್ಸ್‌ಪ್ಲೋರರ್ 5. ಪುಟ ಯಾವ ವ್ಯಾಕರಣಕ್ಕೆ ಬದ್ಧ ಎಂದು ತಪಾಸಣೆಯ ತಂತ್ರಾಂಶಗಳಿಗೆ ತಿಳಿಸುವುದಷ್ಟೇ ಡಾಕ್‌ಟೈಪ್‌ನ ಮೂಲ ಕೆಲಸವಾಗಿತ್ತು. ಬ್ರೌಸರುಗಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಈ ಬ್ರೌಸರ್ ಅದನ್ನೇ ಗುರುತಾಗಿ ಬಳಸಿತು. ಸರಿಯಾದ ಡಾಕ್‌ಟೈಪ್ ಇದ್ದರೆ ಹೊಸ ನಿಯಮದ ‘ಸ್ಟ್ಯಾಂಡರ್ಡ್ಸ್ ಮೋಡ್’. ಇಲ್ಲದಿದ್ದರೆ ಹಳೆಯ ಚಾಳಿಯ ‘ಕ್ವಿರ್ಕ್ಸ್ ಮೋಡ್’. ಮೊಜಿಲ್ಲಾ, ವಿಂಡೋಸ್‌ನ ಎಕ್ಸ್‌ಪ್ಲೋರರ್ 6 ಕೂಡ ಇದೇ ಉಪಾಯ ಹಿಡಿದವು.

ಎಡವಟ್ಟುಗಳೂ ಆದವು. ಎಕ್ಸ್‌ಎಚ್‌ಟಿಎಂಎಲ್ ಪುಟಗಳಲ್ಲಿ ಡಾಕ್‌ಟೈಪ್‌ಗಿಂತ ಮೊದಲು ಎಕ್ಸ್ಎಂಎಲ್ ಘೋಷಣೆ ಬರೆಯುವ ರೂಢಿಯಿತ್ತು. ಆ ಒಂದು ಸಾಲು ಅಡ್ಡ ಬಂದರೆ ಸಾಕು, ಎಕ್ಸ್‌ಪ್ಲೋರರ್ 6 ಪುಟವನ್ನು ಕ್ವಿರ್ಕ್ಸ್ ಮೋಡ್‌ಗೆ ತಳ್ಳುತ್ತಿತ್ತು.

ಆಗಿನ ಡಾಕ್‌ಟೈಪ್ ನೂರು ಅಕ್ಷರ ದಾಟುವುದೂ ಇತ್ತು. ಹೆಚ್ಚಿನವರು ಅದನ್ನು ಬೇರೆಡೆಯಿಂದ ನಕಲು ಮಾಡಿ ಅಂಟಿಸುತ್ತಿದ್ದರು. ಎಚ್‌ಟಿಎಂಎಲ್5 ಅದರಿಂದ ಆವೃತ್ತಿ ಸಂಖ್ಯೆ, ವಿಳಾಸಗಳನ್ನೆಲ್ಲ ಕಿತ್ತುಹಾಕಿ, ಸ್ಟ್ಯಾಂಡರ್ಡ್ಸ್ ಮೋಡ್‌ಗೆ ಬೇಕಾದಷ್ಟನ್ನೇ ಉಳಿಸಿತು.

ಕ್ವಿರ್ಕ್ಸ್ ಮೋಡ್ ಇಂದಿಗೂ ಬದುಕಿದೆ. ಅಗಲದ ಮುಂದೆ ‘ಪಿಎಕ್ಸ್’ ಸೇರಿಸದೆ ಬರೀ 200 ಎಂದು ಬರೆದರೂ ಅಲ್ಲಿ ನಡೆಯುತ್ತದೆ. ಸ್ಟ್ಯಾಂಡರ್ಡ್ಸ್ ಮೋಡ್‌ನಲ್ಲಿ ಆ ಸೂಚನೆಯೇ ತಿರಸ್ಕೃತ. ಬ್ರೌಸರಿನ ಕನ್ಸೋಲ್‌ನಲ್ಲಿ ‘ಡಾಕ್ಯುಮೆಂಟ್.ಕಂಪ್ಯಾಟ್‌ಮೋಡ್’ ಕೇಳಿದರೆ ಪುಟ ಯಾವ ಮೋಡ್‌ನಲ್ಲಿದೆ ಎಂದು ತಿಳಿಯುತ್ತದೆ.

ಇನ್ನು ಆ 300 ಪಿಕ್ಸೆಲ್ ಚೌಕ. ಎಕ್ಸ್‌ಪ್ಲೋರರ್‌ನ ಲೆಕ್ಕವೇ ವಿನ್ಯಾಸಕ್ಕೆ ಸುಲಭ ಎಂದು ಅನೇಕರಿಗೆ ಅನ್ನಿಸಿತು. ಅದೀಗ ‘ಬಾರ್ಡರ್-ಬಾಕ್ಸ್’ ಎಂಬ ಹೆಸರಿನಲ್ಲಿ ಸಿಎಸ್ಎಸ್‌ನ ಅಧಿಕೃತ ಆಯ್ಕೆ.